ಹಲವು ಪಟಗಳನ್ನು ಒಂದು ಚಿತ್ರದಲ್ಲಿ ಕೂಡಿಸಿದುದು

ಈ ಸಂಚಿಕೆಗೆ ನೆಲ್ಯಹುದಿಕೇರಿಯಿಂದ ಏನಾದರೂ ಬರೆಯಬೇಕೆಂದು ಅಪ್ಪಣೆಯಾದಾಗ, ಹಳೆಯ ಸಹಪಾಠಿಗಳಾದ ನಾವು ಕೆಲವರು ಕೂಡಿ ಕೈಕೊಂಡ ಒಂದು ಸಣ್ಣ ಕೆಲಸವನ್ನೇ ಅರಿಕೆಮಾಡುವುದು ಲೇಸೆಂದು ತೋರಿತು. ಹಲವು ಛಾಯಾಚಿತ್ರಗಳನ್ನು ಕಂಪ್ಯೂಟರಿನ ಚಿತ್ರಲೇಖನ ತಂತ್ರಾಂಶದೊಳಕ್ಕೆ ತಂದು ಒಂದೇ ಚಿತ್ರವಾಗಿ ಬರೆಯುವುದೇ ಆ ಕೆಲಸ. ವಿಷಯವು ಯಂತ್ರಕ್ಕೆ ಸೇರಿದ್ದೆಂದು ವಾಚಕರು ಪುಟವನ್ನು ಮಗುಚಬಾರದಾಗಿ ಬೇಡುತ್ತೇವೆ. ಇದರಲ್ಲಿ ನಮ್ಮ ಮನೆಗಳ ವಿಷಯವೂ ಸೇರಿದೆ.

ನಮ್ಮ ಊರು ಕಾವೇರಿಯ ದಡದಲ್ಲಿರುವುದು; ಸೇತುವೆಯನ್ನು ದಾಟಿದರೆ ಸಿದ್ದಾಪುರ. 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಹೊಳೆಯು ಉಕ್ಕಿ ದಡದ ಮನೆಗಳೊಳಕ್ಕೆ ನುಗ್ಗಿತು. ಹಲವು ಮನೆಗಳು ಬಿದ್ದುಹೋದುವು. ಅಕ್ಕಿ, ಬಟ್ಟೆ, ಪಾತ್ರೆಗಳನ್ನು ದಯಾಳುಗಳಾದವರು ಕೊಟ್ಟರು. ಆದರೆ ಗೋಡೆಯ ಮೇಲಿದ್ದ ಪಟಗಳನ್ನು ತಂದುಕೊಡಬಲ್ಲವರು ಯಾರು? ಕೆಸರಿನಿಂದ ಎತ್ತಿದ ಪಟಗಳಲ್ಲಿ ಒಂದರಲ್ಲಿ ಬಾಗಿಲು ಉಳಿದಿತ್ತು, ಇನ್ನೊಂದರಲ್ಲಿ ಅಂಗಳದ ಹಲಸಿನ ಮರ, ಮತ್ತೊಂದರಲ್ಲಿ ನಿಂತವರ ಕಾಲುಗಳು ಮಾತ್ರ. ಅಳಿದುಳಿದ ಈ ತುಂಡುಗಳಿಂದ ನಮ್ಮ ಗೆಳತಿಯೊಬ್ಬಳ ಮನೆಯಂಗಳವನ್ನು ಮತ್ತೆ ಬರೆಯಬೇಕೆಂಬುದೇ ನಮ್ಮ ಆಶೆ.

ಪದರದ ಮೇಲೆ ಪದರವಿಟ್ಟು ಚಿತ್ರ ಮಾಡುವ ಯುಕ್ತಿಯು ಹೊಸದೇನೂ ಅಲ್ಲ. ಮೋಗ್ಲಿಂಗ್ ಪಂಡಿತರು 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಡಿಸಿದ “ಮಂಗಳೂರ ಸಮಾಚಾರ”ವು ಕಲ್ಲಚ್ಚಿನಲ್ಲಿ ಮುದ್ರಿತವಾದುದನ್ನು ನಾವೆಲ್ಲರೂ ಬಲ್ಲೆವು. ಅವರೇ 1853ರಲ್ಲಿ ನಮ್ಮ ಕೊಡಗಿಗೂ ಬಂದರು. ಮುಂದೆ ಬಣ್ಣದ ಚಿತ್ರಗಳನ್ನು ಕಲ್ಲಚ್ಚಿನಲ್ಲಿ ತೆಗೆಯುವಾಗ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲನ್ನು ಸಿದ್ಧಪಡಿಸಿ, ಅದೇ ಕಾಗದವನ್ನು ಕ್ರಮವಾಗಿ ಪ್ರತಿಯೊಂದರ ಮೇಲೂ ಒತ್ತುತ್ತಿದ್ದರು. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದ ಚಿತ್ರಗಳು ಹೀಗೆಯೇ ಆದುವು. ಕಲ್ಲು ಕೂದಲೆಳೆಯಷ್ಟು ಸರಿದರೂ ಚಿತ್ರದ ತುಟಿ ಒಂದೆಡೆ, ತುಟಿಯ ಕೆಂಪು ಇನ್ನೊಂದೆಡೆ! ಆ ಕಲ್ಲುಗಳ ಸ್ಥಾನದಲ್ಲಿ ಈಗ ಲೇಯರ್ ಎಂಬ ಪದರಗಳಿರುವುವು.

ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಗಾಜಿಗೆ ಅಂಟಿದ ಪಟವನ್ನು ಬಲವಂತದಿಂದ ಕೀಳಕೂಡದು; ಗಾಜಿನ ಮೇಲಿಂದಲೇ ಪ್ರತಿ ತೆಗೆಯತಕ್ಕದ್ದು. ಪ್ರತಿ ಇಂಚಿಗೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ, ನಾಲ್ಕು ಇಂಚು ಅಗಲ ಆರು ಇಂಚು ಉದ್ದದ ಪಟವು 1200 ಅಗಲ 1800 ಉದ್ದದ ಬಿಂದುಗಳಾಗುವುದು. ಬಳಿಕ ಫೈಲುಗಳಿಗೆ 01, 02 ಎಂದು ಸಂಖ್ಯೆಯನ್ನೂ ಪಟವು ಯಾರ ಮನೆಯದೆಂಬುದನ್ನೂ ಸೇರಿಸಿ ಹೆಸರಿಡಬೇಕು. ಗಿಂಪ್ ಎಂಬ ತಂತ್ರಾಂಶದಲ್ಲಿ ಮೊದಲು ಬೇಕಾದ ಅಳತೆಯ ಬರಿದಾದ ಹಾಳೆಯನ್ನು ತೆರೆದು, ಅನಂತರ ಫೈಲ್ ಪಟ್ಟಿಯಲ್ಲಿ “ಓಪನ್ ಆ್ಯಸ್ ಲೇಯರ್ಸ್” ಎಂಬುದನ್ನು ಆರಿಸಿ, ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು ಬೇಕಾದ ಫೈಲುಗಳನ್ನೆಲ್ಲಾ ಗುರುತಿಸಿದರೆ, ಅವೆಲ್ಲವೂ ಒಮ್ಮೆಲೇ ಒಂದೇ ಚಿತ್ರದೊಳಕ್ಕೆ ಬರುವುವು. ಪ್ರತಿಯೊಂದಕ್ಕೂ ತನ್ನದೇ ಪದರ, ತನ್ನದೇ ಹೆಸರು. ಬರಿದೇ “ಓಪನ್” ಎಂದರೆ ಒಂದೊಂದೂ ಬೇರೆ ಬೇರೆಯಾಗಿ ತೆರೆಯುವುದು. ಕ್ರಿಟಾ ಎಂಬುದರಲ್ಲಿ ಫೈಲುಗಳನ್ನು ಹಾಳೆಯ ಮೇಲಕ್ಕೆ ಎಳೆದು ಬಿಟ್ಟರೆ, ಪದರಗಳಾಗಿ ಸೇರಿಸಬೇಕೋ ಬೇರೆಯಾಗಿ ತೆರೆಯಬೇಕೋ ಎಂದು ಅದೇ ಕೇಳುವುದು. ಈ ಎರಡು ತಂತ್ರಾಂಶಗಳೂ ಉಚಿತವಾಗಿ ದೊರೆಯುವುವು. ಬಡವರಿಗೂ ಎಟಕುವ ವಿದ್ಯೆಯಿದು. ಮೇಲಿನ ಪದರವನ್ನು ಅರೆಪಾರದರ್ಶಕವಾಗಿ ಮಾಡಿದರೆ ಕೆಳಗಿನದು ಕಾಣುವುದು. ಆಗ ಹೊಸ್ತಿಲಿಗೆ ಹೊಸ್ತಿಲನ್ನು ಸರಿಹೊಂದಿಸಬಹುದು. ಬಣ್ಣವನ್ನು ಪಟದ ಮೇಲೆಯೇ ಹಚ್ಚದೆ, ಎಲ್ಲಕ್ಕೂ ಮೇಲೆ ಇಟ್ಟ ಬೇರೊಂದು ಬರಿದಾದ ಪದರದಲ್ಲಿ ಹಚ್ಚಬೇಕು.

ಇಷ್ಟಾದ ಮೇಲೆ ನಮ್ಮೊಳಗೆ ಒಂದು ಚರ್ಚೆ ಹುಟ್ಟಿತು. ಅಂಗಳದಲ್ಲಿ ನಿಂತಿದ್ದ ಗೆಳತಿಯ ತಾಯಿಯ ಮುಖದ ಅರ್ಧವನ್ನು ನೀರು ಅಳಿಸಿತ್ತು. ಅವರಿಗೆ ಬೇರೊಂದು ಪಟವಿಲ್ಲ. ಅವರು ಈಗ ಇಲ್ಲ. ಉಳಿದ ಅರ್ಧವನ್ನು ಊಹೆಯಿಂದ ಬರೆದುಬಿಡೋಣವೆಂದು ಕೆಲವರು ಅಂದರು. ಬರೆಯಬಲ್ಲ ಕೈಯೂ ನಮ್ಮಲ್ಲಿತ್ತು. ಹಾಗೆ ಬರೆದುದು ಅಂದವಾಗಬಹುದು, ಆದರೆ ಅದು ತಾಯಿಯ ಮುಖವಾಗಲಾರದು, ಮೊಮ್ಮಕ್ಕಳು ಅದನ್ನೇ ಅಜ್ಜಿಯೆಂದು ನಂಬುವರು ಎಂದು ಇನ್ನು ಕೆಲವರು ಅಂದರು. ಎರಡೂ ಮಾತುಗಳಲ್ಲಿ ಪ್ರೀತಿಯಿತ್ತು. ಕಡೆಗೆ ಗೆಳತಿಯನ್ನೇ ಕೇಳಿದೆವು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಬರೆಯಿರಿ, ಆದರೆ ತೆಗೆಯಲಾಗುವಂತೆ ಬರೆಯಿರಿ” ಎಂದಳು. ಆದುದರಿಂದ ಊಹೆಯ ಅರ್ಧವನ್ನು ಬೇರೆ ಪದರದಲ್ಲಿ ಬರೆದು, ಅದಕ್ಕೆ “ಊಹೆ” ಎಂದೇ ಹೆಸರಿಟ್ಟೆವು. ಪದರದ ಪಕ್ಕದಲ್ಲಿರುವ ಕಣ್ಣಿನ ಗುರುತನ್ನು ಮುಟ್ಟಿದರೆ ಅದು ಮರೆಯಾಗಿ, ಹೊಳೆಯು ಉಳಿಸಿದಷ್ಟೇ ಕಾಣುವುದು. ಅವಳು ಒಂದೊಂದು ದಿನ ಒಂದೊಂದು ಬಗೆಯಾಗಿ ನೋಡುವಳಂತೆ.

ಹಲವು ಪಟಗಳನ್ನು ಒಂದರಲ್ಲಿ ಕೂಡಿಸುವುದೆಂದರೆ ಅವುಗಳನ್ನು ಕರಗಿಸಿಬಿಡುವುದಲ್ಲವೆಂದು ನಮಗೆ ಆಗ ತಿಳಿಯಿತು. ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ದೇಹ ಮತ್ತು ಅವಯವಗಳ ದೃಷ್ಟಾಂತದಿಂದ ಬೋಧಿಸಿದುದನ್ನು ಸತ್ಯವೇದದ ಪಾಠದಲ್ಲಿ ಕಲಿತವರಿಗೆ ಇದು ಹೊಸ ಮಾತಲ್ಲ. ಒಂದೊಂದು ಪಟವೂ ತನ್ನ ಮನೆಯ ಹೆಸರನ್ನು ಹೊತ್ತು ತನ್ನ ಸ್ಥಳದಲ್ಲಿರಲಿ. ಸತ್ಯ ಯಾವುದು, ನಮ್ಮ ಕೈ ಸೇರಿಸಿದುದು ಯಾವುದು ಎಂಬುದು ಬೇಕಾದಾಗ ಬೇರ್ಪಡಲಿ. ಆದಕಾರಣ ಮೂಲಪ್ರತಿಯನ್ನು ಪದರಗಳು ಉಳಿಯುವ ಎಕ್ಸ್‌ಸಿಎಫ್ ಅಥವಾ ಕೆಆರ್‌ಎ ರೂಪದಲ್ಲಿಯೇ ಕಾದಿರಿಸಬೇಕು. ಜೆಪೆಗ್ ರೂಪದಲ್ಲಿ ಪದರಗಳೆಲ್ಲಾ ಒಂದಾಗಿಬಿಡುವುವು. ಅದು ಹಂಚುವುದಕ್ಕೆ ಮಾತ್ರ ತಕ್ಕದ್ದು.

ಪ್ರಿಯ ಭಗಿನಿಯರೇ, ನಿಮ್ಮ ಪೆಟ್ಟಿಗೆಗಳಲ್ಲಿ ತರಗತಿಯ ಗುಂಪಿನ ಪಟಗಳೂ ತಂದೆತಾಯಿಗಳ ಪಟಗಳೂ ಇರುವುವಷ್ಟೆ. ಬರುವ ಮಳೆಗಾಲಕ್ಕೆ ಮುಂಚೆ ಅವುಗಳ ಪ್ರತಿ ತೆಗೆದು, ಹೆಸರು ಬರೆದು, ಒಂದನ್ನು ದೂರದೂರಿನಲ್ಲಿರುವ ಗೆಳತಿಗೂ ಕಳುಹಿಸಿರಿ. ನೀರು ಎರಡೂ ಮನೆಗಳಿಗೆ ಒಂದೇ ದಿನ ಬಾರದು.