ಹಿಂದೆ ಕುಳಿತವರು

"ಇನ್ನು ಮೇಲೆ ನಾನು ಬಸ್ಸಿಗೇ ಹೋಗುತ್ತೇನೆ" ಎಂದು ಅಮ್ಮ ಹೇಳಿದಾಗ ನನಗೆ ಸ್ವಲ್ಪ ಬೇಸರವೇ ಆಯಿತು. ತಿಂಗಳಿಗೊಮ್ಮೆ ರಕ್ತದೊತ್ತಡ ತೋರಿಸಲು ಅವರನ್ನು ಮಾಂಬಳ್ಳಿಯಿಂದ ಕೊಳ್ಳೇಗಾಲಕ್ಕೆ ಬೈಕಿನಲ್ಲಿ ಕರೆದೊಯ್ಯುವವನು ನಾನು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ಪೆಟ್ರೋಲ್ ಉಳಿಸಲು ಹೀಗೆ ಹೇಳುತ್ತಿರಬೇಕು ಎಂದುಕೊಂಡು ಸುಮ್ಮನಾದೆ. ಕಾರಣ ಕೇಳಲಿಲ್ಲ.

ಅದೇ ವಾರ ಅಕ್ಕನ ಮಗ ಊರಿಗೆ ಬಂದಿದ್ದ. ಯಳಂದೂರಿಗೆ ಹೋಗಿ ಬರೋಣವೆಂದು ಅವನು ಬೈಕು ಹತ್ತಿದ, ನಾನು ಹಿಂದೆ ಕುಳಿತೆ. ಹತ್ತು ವರ್ಷದಿಂದ ಆ ಬೈಕು ನನ್ನದು. ಅದರ ಹಿಂದಿನ ಸೀಟಿನಲ್ಲಿ ನಾನು ಕುಳಿತದ್ದು ಅದೇ ಮೊದಲು. ಊರು ದಾಟುವ ಮೊದಲೇ ಒಂದು ಹಂಪ್ ಬಂತು. ಬೆನ್ನಿನ ಬುಡಕ್ಕೆ ಯಾರೋ ಕೊಡತಿಯಿಂದ ಹೊಡೆದಂತಾಯಿತು. ಅವನನ್ನು ಗದರಿದೆ. "ನನಗೇನೂ ಗೊತ್ತಾಗಲಿಲ್ಲವಲ್ಲ ಮಾಮ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ.

ಬೈಕು ಓಡಿಸುವವನು ಎರಡು ಚಕ್ರಗಳ ನಡುವೆ ಕೂರುತ್ತಾನೆ. ಹಿಂದೆ ಕುಳಿತವರು ಹೆಚ್ಚುಕಡಿಮೆ ಹಿಂಚಕ್ರದ ಮೇಲೆಯೇ ಇರುತ್ತಾರೆ. ಚಕ್ರ ತಿಂದ ಏಟು ಮೊದಲು ಅವರ ಬೆನ್ನಿಗೆ ಬರುತ್ತದೆ. ಓಡಿಸುವವನಿಗೆ ಗುಂಡಿ ಮುಂಚೆಯೇ ಕಾಣುತ್ತದೆ, ಕಾಲೂರಿ ಅರ್ಧ ಎದ್ದುಕೊಳ್ಳುತ್ತಾನೆ. ಸೀರೆಯುಟ್ಟು ಒಂದೇ ಕಡೆ ಕಾಲು ಇಳಿಬಿಟ್ಟು ಕುಳಿತ ಹೆಂಗಸಿಗೆ ಗುಂಡಿ ಕಾಣುವುದೂ ಇಲ್ಲ, ಏಳಲು ಬರುವುದೂ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 123ನೇ ನಿಯಮ ಹಿಂಬದಿ ಸವಾರರಿಗೆ ಹಿಡಿಕೆ ಇರಬೇಕು, ಕಾಲಿಡಲು ಜಾಗ ಇರಬೇಕು, ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಬೇಕು ಎನ್ನುತ್ತದೆ. ಅವರ ಕೈ, ಕಾಲು, ಸೆರಗನ್ನು ಕಾನೂನು ನೆನೆದಿದೆ. ಬೆನ್ನನ್ನು ನೆನೆಯಬೇಕಾದವನು ನಾನಾಗಿದ್ದೆ.

ಮನೆಗೆ ಬಂದು ಬೈಕನ್ನು ಮೇನ್ ಸ್ಟ್ಯಾಂಡಿಗೆ ಹಾಕಿ ನೋಡಿದೆ. ಹಿಂಚಕ್ರದ ಎರಡೂ ಶಾಕ್ ಅಬ್ಸಾರ್ಬರ್‌ಗಳ ಮೇಲೆ ಎಣ್ಣೆ ಸೋರಿ ಧೂಳು ಮೆತ್ತಿತ್ತು. ಶಾಕ್ ಅಬ್ಸಾರ್ಬರ್ ಎಂದರೆ ಬರೀ ಸ್ಪ್ರಿಂಗ್ ಅಲ್ಲ. ಸ್ಪ್ರಿಂಗ್ ಏಟನ್ನು ನುಂಗಿ ಮತ್ತೆ ವಾಪಸ್ ಕೊಡುತ್ತದೆ. ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳುತ್ತಾ ಆ ಕುಣಿತವನ್ನು ತಡೆಯುತ್ತದೆ. ಎಣ್ಣೆ ಹೋದ ಮೇಲೆ ಉಳಿಯುವುದು ಕುಣಿತ ಮಾತ್ರ. ಸೀಟನ್ನು ಒತ್ತಿ ಬಿಟ್ಟರೆ ಒಮ್ಮೆ ಮೇಲೆ ಬಂದು ನಿಲ್ಲಬೇಕಾದದ್ದು ನಾಲ್ಕು ಬಾರಿ ಎಗರಿತು.

ಹೊಸ ಜೋಡಿಯ ಬೆಲೆ ಆ ತಿಂಗಳ ಲೆಕ್ಕಕ್ಕೆ ಹೊಂದುವಂತಿರಲಿಲ್ಲ. ಮೈಸೂರಿನ ಗುಜರಿ ಅಂಗಡಿಯೊಂದಕ್ಕೆ ಹೋದೆ. ಗುಜರಿ ಎಂದರೆ ಮೂಗು ಮುರಿಯುವವರಿದ್ದಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇಂದಿಗೂ ರಸ್ತೆಯಲ್ಲಿ ಕಾಣುತ್ತಿದ್ದರೆ ಅದರಲ್ಲಿ ಹಳೆಯ ಬಿಡಿಭಾಗಗಳನ್ನು ಎಸೆಯದೆ ಕಾಪಾಡಿದ ಕೈಗಳ ಪಾಲೂ ಇದೆ.

ಎಲ್ಲರೂ ಚಾಚಾ ಎಂದು ಕರೆಯುವ ಆ ಅಂಗಡಿಯ ಹಿರಿಯರು ಬೈಕು ಯಾವುದೆಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದರು: "ಹಿಂದೆ ಯಾರು ಕೂರುತ್ತಾರೆ?" "ಯಾರಾದರೂ ಕೂರಲಿ, ಗಟ್ಟಿಯಾದದ್ದು ಕೊಡಿ" ಎಂದೆ. 150 ಸಿಸಿ ಬೈಕೊಂದರ ಜೋಡಿ ಕಣ್ಣಿಗೆ ಬಿದ್ದಿತ್ತು. ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಅಳತೆ ಹಿಡಿದರೆ ನನ್ನ ಬೈಕಿನಷ್ಟೇ ಇತ್ತು. ತಂದು ಹಾಕಿದೆ. ನೋಡಲು ಬಹಳ ಚೆನ್ನಾಗಿತ್ತು. ಅಮ್ಮನನ್ನು ಒತ್ತಾಯ ಮಾಡಿ ಕೂರಿಸಿಕೊಂಡು ಒಂದು ಸುತ್ತು ಹೋದೆ. ಇಳಿದವರು ಸೊಂಟ ಹಿಡಿದುಕೊಂಡು, "ಇದು ಮೊದಲಿನದಕ್ಕಿಂತ ಎತ್ತಿ ಹಾಕುತ್ತೆ ಕಣಪ್ಪ" ಎಂದರು.

ತಪ್ಪು ಅರ್ಥವಾಯಿತು. ಭಾರದ ಬೈಕಿಗೆಂದು ಮಾಡಿದ ಸ್ಪ್ರಿಂಗ್ ನನ್ನ ಹಗುರ ಬೈಕಿಗೆ, ಅದರ ಮೇಲೆ ಕುಳಿತ ಸಣಕಲು ಅಮ್ಮನಿಗೆ, ಬಗ್ಗುವುದೇ ಇಲ್ಲ. ಸ್ಪ್ರಿಂಗಿನ ಬುಡದ ರಿಂಗನ್ನು ಕೊನೆಯ ಮೆಟ್ಟಿಲಿಗೆ ಇಳಿಸಿದರೂ ಪ್ರಯೋಜನವಾಗಲಿಲ್ಲ. ಅದು ಬೈಕಿನ ಎತ್ತರವನ್ನು ಬದಲಿಸೀತೇ ಹೊರತು ಸ್ಪ್ರಿಂಗಿನ ಗುಣವನ್ನಲ್ಲ.

ಮತ್ತೆ ಚಾಚಾ ಮುಂದೆ ನಿಂತೆ. "ಅವತ್ತೇ ಕೇಳಿದೆನಲ್ಲ" ಎಂದಷ್ಟೇ ಹೇಳಿ, ಮುಂಭಾಗ ಅಪಘಾತದಲ್ಲಿ ಜಜ್ಜಿಹೋದ ನನ್ನದೇ ಮಾದರಿಯ ಬೈಕಿನ ಜೋಡಿಯನ್ನು ತೆಗೆದರು. ಒಂದೊಂದನ್ನೂ ಒತ್ತಿ ನೋಡಿದರು. ಒಂದರ ರಾಡಿನಲ್ಲಿ ತುಕ್ಕಿನ ಚುಕ್ಕೆ ಕಂಡಿತು. ನನಗೆ ಅದು ಕಂಡೇ ಇರಲಿಲ್ಲ. "ಇದು ಸೀಲ್ ಕೊಯ್ಯುತ್ತೆ, ಆರು ತಿಂಗಳಲ್ಲಿ ಸೋರುತ್ತೆ. ದೋಷ ಮುಚ್ಚಿ ಮಾರಿದ ದುಡ್ಡು ದಕ್ಕುವುದಿಲ್ಲ" ಎಂದು ಅದನ್ನು ಪಕ್ಕಕ್ಕೆ ಎಸೆದು, ಬೇರೆ ಜೋಡಿ ಹುಡುಕಿಕೊಟ್ಟರು. ರಬ್ಬರ್ ಬುಷ್ ಮಾತ್ರ ಹೊಸದೇ ತೆಗೆದುಕೋ ಎಂದರು.

ಈ ಸಲ ಅವಸರ ಮಾಡಲಿಲ್ಲ. ಚಕ್ರದ ಕೆಳಗೆ ಹಲಗೆ ಕೊಟ್ಟು, ಒಂದು ಕಡೆಯದನ್ನು ಪೂರ್ತಿ ಮುಗಿಸಿದ ಮೇಲೆ ಇನ್ನೊಂದು ಕಡೆಯದನ್ನು ಬಿಚ್ಚಿದೆ. ಎರಡನ್ನೂ ಒಮ್ಮೆಗೇ ಬಿಚ್ಚಿದರೆ ಚಕ್ರ ಜೋತುಬಿದ್ದು ಬೋಲ್ಟ್ ಕೂರಿಸುವುದು ಕಷ್ಟ. ಎರಡೂ ಕಡೆಯ ರಿಂಗ್ ಒಂದೇ ಮೆಟ್ಟಿಲಿನಲ್ಲಿದೆಯೇ, ಚೈನ್ ಬಿಗಿಯಾಗಿಲ್ಲವಷ್ಟೆ ಎಂದು ನೋಡಿದೆ. ಅಕ್ಕನ ಮಗನಿಗೆ ಓಡಿಸಲು ಹೇಳಿ, ಮೊದಲು ನಾನೇ ಹಿಂದೆ ಕುಳಿತೆ. ಅಮ್ಮ ಕೂರುವ ಹಾಗೆ, ಒಂದೇ ಕಡೆ ಕಾಲು ಹಾಕಿ. ರಸ್ತೆಯಲ್ಲಿ ನೋಡಿದವರು ನಕ್ಕರು. ಹಂಪ್ ಬಂತು, ಮೆಲ್ಲಗೆ ಎತ್ತಿ ಮೆಲ್ಲಗೆ ಇಳಿಸಿತು.

ಮುಂದಿನ ತಿಂಗಳು ಅಮ್ಮ ಬೈಕಿನಲ್ಲೇ ಬಂದರು. ಕೊಳ್ಳೇಗಾಲದಲ್ಲಿ ಇಳಿದು ಸೆರಗು ಸರಿಪಡಿಸಿಕೊಳ್ಳುತ್ತಾ, "ಇದನ್ನು ಮೊದಲೇ ಮಾಡಬಾರದಿತ್ತೇ?" ಎಂದರು.

"ನೋಯುತ್ತದೆ ಎಂದು ನೀವು ಮೊದಲೇ ಹೇಳಬಾರದಿತ್ತೇ?"

"ನೀನು ಯಾವಾಗ ಕೇಳಿದ್ದೆ?" ಎಂದು ಚೀಟಿ ಮಾಡಿಸಲು ಮುಂದೆ ನಡೆದರು. ನಾನು ಬೈಕಿನ ಬಳಿಯೇ ಸ್ವಲ್ಪ ಹೊತ್ತು ನಿಂತಿದ್ದೆ. ಹತ್ತು ವರ್ಷದಲ್ಲಿ ಅವರನ್ನು ಎಷ್ಟು ಹಂಪ್ ಹಾರಿಸಿದ್ದೇನೆ ಎಂಬ ಲೆಕ್ಕ ನನ್ನ ಬಳಿ ಇರಲಿಲ್ಲ.