ಹಿಂದಿನ ಸಾಲಿನ ಹುಡುಗಿಯ ಮುಖವೂ ಕಾಣಬೇಕು

"ಗುರೂಜಿ, ಕ್ಯಾಮೆರಾ ಹೊಸಾದು ಐತ್ರಿ. ಫೋಟೋ ಮಾತ್ರ ಮಬ್ಬು ಬರ್ತಾವ. ಯಾಕ್ರಿ?"

ಈಚೆಗೆ ಶಿಕ್ಷಕ ಮಿತ್ರರಿಂದ ನಾನು ಪದೇ ಪದೇ ಕೇಳುತ್ತಿರುವ ಪ್ರಶ್ನೆ ಇದು. ನಮ್ಮ ಜತ್ತ ತಾಲೂಕಿನ ಹಳ್ಳಿಯ ಕನ್ನಡ ಸಾಲಿಗಳಲ್ಲಿ ಪಾಠ ಹೇಳುವವರೂ ನಾವೇ, ಧ್ವಜ ಕಟ್ಟುವವರೂ ನಾವೇ, ಫೋಟೋ ತೆಗೆಯುವವರೂ ನಾವೇ. ದಿನದ ಕೆಲಸಕ್ಕೆ ಮೊಬೈಲ್ ಸಾಕು. ಆದರೆ ಹಳೆಯ ವಿದ್ಯಾರ್ಥಿಗಳು ಪ್ರೀತಿಯಿಂದ ಸಾಲಿಗೆ ಒಂದು ಮಿರರ್‌ಲೆಸ್ ಕ್ಯಾಮೆರಾ ಕೊಡಿಸಿದರೆ ಅದನ್ನು ಕಪಾಟಿನಲ್ಲಿಟ್ಟು ಪೂಜೆ ಮಾಡುವುದಕ್ಕಾಗುತ್ತದೆಯೇ? ನಾನು ನೋಡಿ, ಮಾಡಿ ಕಲಿತ ನಾಲ್ಕು ಮಾತು ಇಲ್ಲಿ ಬರೆಯುತ್ತೇನೆ. ದೊಡ್ಡ ಫೋಟೋಗ್ರಾಫರರಿಗಲ್ಲ, ನಮ್ಮಂಥ ಮಾಸ್ತರರಿಗೆ, ಬಾಯಿಯವರಿಗೆ.

ಮೊದಲು ಈ ಯಂತ್ರದ ವಿಷಯ. ಹಳೆಯ ಡಿಎಸ್ಎಲ್ಆರ್ ಒಳಗೆ ಒಂದು ಕನ್ನಡಿ ಇರುತ್ತಿತ್ತು. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಿನ ಕಿಂಡಿಗೆ ತಿರುಗಿಸುತ್ತಿತ್ತು. ಕ್ಲಿಕ್ ಮಾಡಿದಾಗ ಟಕ್ ಎಂದು ಮೇಲೇಳುತ್ತಿತ್ತು. 2008ರಲ್ಲಿ ಪ್ಯಾನಾಸೋನಿಕ್ ಕಂಪನಿಯ ಜಿ1 ಕ್ಯಾಮೆರಾ ಆ ಕನ್ನಡಿಯನ್ನೇ ತೆಗೆದುಹಾಕಿ ಬಂತು. ಆಮೇಲೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಈಗ ಬೆಳಕು ನೇರವಾಗಿ ಸೆನ್ಸರ್ ಮೇಲೆ ಬೀಳುತ್ತದೆ. ಚಿತ್ರ ಕಪ್ಪಾಗುತ್ತದೋ ಬಿಳುಚುತ್ತದೋ ಅನ್ನುವುದು ಕ್ಲಿಕ್ ಮಾಡುವ ಮೊದಲೇ ಪರದೆಯ ಮೇಲೆ ಕಾಣುತ್ತದೆ. ಫೋಕಸ್ ಕೂಡ ಸೆನ್ಸರ್ ಮೇಲೆಯೇ ಆಗುತ್ತದೆ. ಹಾಗಾದರೆ ಮಬ್ಬು ಎಲ್ಲಿಂದ ಬರುತ್ತದೆ?

ತೆಗೆದ ಫೋಟೋವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿರಿ. ಹುಡುಗಿ ಮಬ್ಬಾಗಿ ಹಿಂದಿನ ಗೋಡೆ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪು ಜಾಗಕ್ಕೆ ಹೋಗಿದೆ. ಗೋಡೆ, ಬಾಗಿಲು, ಮಕ್ಕಳು ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಇದ್ದರೆ ನಿಮ್ಮ ಕೈ ಅಲುಗಾಡಿದೆ. ಗೋಡೆ ಸರಿಯಾಗಿದ್ದು ಮಗು ಮಾತ್ರ ಎಳೆದಂತಿದ್ದರೆ ಮಗು ಅಲುಗಾಡಿದೆ. ಮುಂದಿನ ಸಾಲು ಸ್ಪಷ್ಟವಿದ್ದು ಹಿಂದಿನ ಸಾಲು ಮಬ್ಬಾಗಿದ್ದರೆ ಅಪರ್ಚರ್ ಜಾಸ್ತಿ ತೆರೆದಿದೆ. ರೋಗ ನಾಲ್ಕು, ಔಷಧವೂ ನಾಲ್ಕು. ಇದನ್ನು ನೋಡದೆ ಲೆನ್ಸ್ ಕೆಟ್ಟಿದೆ ಎಂದು ಸಾಂಗಲಿಗೋ ವಿಜಾಪುರಕ್ಕೋ ಬಸ್ಸು ಹತ್ತಬೇಡಿರಿ.

ತಪ್ಪು ಜಾಗದ ಫೋಕಸ್ಸಿಗೆ ನಮ್ಮ ಸಾಲಿಗಳಲ್ಲಿ ಒಂದು ಮಜಾ ಕಾರಣ ಇದೆ. ಜನವರಿ 3, ಸಾವಿತ್ರಿಬಾಯಿ ಫುಲೆ ಜಯಂತಿ ಅಂದುಕೊಳ್ಳಿ. ಮೇಜಿನ ಮೇಲೆ ಹೂಮಾಲೆ ಹಾಕಿದ ಫೋಟೋ, ಪಕ್ಕದಲ್ಲಿ ಭಾಷಣ ಮಾಡುವ ಹುಡುಗಿ. ಗೋಡೆಯ ಮೇಲೆ ಅಂಬೇಡ್ಕರರು, ಬಸವಣ್ಣನವರು. ಈಗಿನ ಕ್ಯಾಮೆರಾ ಮುಖ ಹುಡುಕುತ್ತದೆ, ಕಣ್ಣು ಹುಡುಕುತ್ತದೆ. ಆದರೆ ಜೀವಂತ ಮುಖ ಯಾವುದು, ಚೌಕಟ್ಟಿನೊಳಗಿನ ಮುಖ ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಸ್ಪಷ್ಟವಾಗಿ, ದೊಡ್ಡದಾಗಿ ಕಂಡ ಮುಖಕ್ಕೆ ಚೌಕ ಹಾಕಿಬಿಡುತ್ತದೆ. ಅತಿಥಿಗಳು ಮುಂದೆ ಕೂತಿದ್ದರೆ ಕೇಳುವುದೇ ಬೇಡ, ಚೌಕ ಅವರ ಮೇಲೆಯೇ! ಪರದೆಯ ಮೇಲೆ ಆ ಹುಡುಗಿಯ ಮುಖವನ್ನು ಬೆರಳಿನಿಂದ ಮುಟ್ಟಿರಿ, ಚೌಕ ಅಲ್ಲಿಗೆ ಬರುತ್ತದೆ. ಹಾಗೂ ಕೇಳದಿದ್ದರೆ ಮುಖ ಹುಡುಕುವುದನ್ನು ಬಂದ್ ಮಾಡಿ, ಒಂದೇ ಬಿಂದುವಿನ ಫೋಕಸ್ ಇಟ್ಟು, ಆ ಬಿಂದುವನ್ನು ಅವಳ ಕಣ್ಣಿನ ಮೇಲೆ ತನ್ನಿರಿ. ಬಟನ್ ಅರ್ಧ ಒತ್ತಿ, ಚೌಕ ಹಸಿರಾದ ಮೇಲೆ ಪೂರ್ತಿ ಒತ್ತಿರಿ. ಯಾರನ್ನು ನೋಡಬೇಕು ಎಂದು ಕ್ಯಾಮೆರಾಕ್ಕೆ ನಾವು ಹೇಳಬೇಕು. ಕ್ಲಾಸಿನ ಮಕ್ಕಳನ್ನು ಬಲ್ಲವರು ನಾವು, ಅದಲ್ಲ.

ಇನ್ನು ಗ್ರೂಪ್ ಫೋಟೋ. ಅಂಗಡಿಯವರು "ಹಿಂದೆ ಬ್ಲರ್ ಮಸ್ತ್ ಬರ್ತೈತಿ" ಎಂದು 50 ಎಂಎಂ, ಎಫ್ 1.8 ಲೆನ್ಸ್ ಕೊಡುತ್ತಾರೆ. ಲೆನ್ಸ್ ಒಳ್ಳೆಯದೇ. ಆದರೆ ಲೆಕ್ಕ ನೋಡಿರಿ. ನಮ್ಮಂಥವರು ಕೊಳ್ಳುವ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾದಲ್ಲಿ 6 ಮೀಟರ್ ದೂರ ನಿಂತು ಎಫ್ 1.8ರಲ್ಲಿ ತೆಗೆದರೆ, ಸ್ಪಷ್ಟವಾಗಿ ಕಾಣುವ ಆಳ ಎಲ್ಲಾ ಸೇರಿ ಸುಮಾರು 1 ಮೀಟರ್. ನೆಲದ ಮೇಲೊಂದು ಸಾಲು, ಬೆಂಚಿನ ಮೇಲೊಂದು, ನಿಂತವರದೊಂದು, ಹಿಂದೆ ಬೆಂಚು ಹತ್ತಿ ನಿಂತವರದೊಂದು. ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಎರಡು ಮೀಟರ್ ಸಹಜವಾಗಿ ಆಗುತ್ತದೆ. ಮುಂದಿನವರ ಮೇಲೆ ಫೋಕಸ್ ಇದ್ದರೆ ಹಿಂದಿನವರು ಮಬ್ಬಾಗದೆ ಏನಾದಾರು? ಅದೇ ಜಾಗದಿಂದ ಎಫ್ 8 ಇಟ್ಟರೆ ಆಳ 5 ಮೀಟರಿಗೂ ಹೆಚ್ಚು. ಆದ್ದರಿಂದ ಎ ಮೋಡಿಗೆ (ಕೆಲವು ಕ್ಯಾಮೆರಾಗಳಲ್ಲಿ ಎವಿ ಎಂದಿರುತ್ತದೆ) ಹಾಕಿ, ಎಫ್ 8 ಇಟ್ಟು, ಎರಡನೆಯ ಸಾಲಿನ ನಡುವಿನ ಮುಖಕ್ಕೆ ಫೋಕಸ್ ಮಾಡಿರಿ. ಸಾಲುಗಳನ್ನು ಆದಷ್ಟು ಒತ್ತಾಗಿ ನಿಲ್ಲಿಸಿರಿ. ಒಂದಲ್ಲ, ಐದಾರು ಫೋಟೋ ತೆಗೆಯಿರಿ. ಯಾರಾದರೊಬ್ಬರು ಕಣ್ಣು ಮುಚ್ಚೇ ಮುಚ್ಚುತ್ತಾರೆ.

ಅಲುಗಾಟಕ್ಕೆ ಔಷಧ ಷಟರ್ ಸ್ಪೀಡ್. ಎಸ್ ಅಥವಾ ಟಿವಿ ಮೋಡಿನಲ್ಲಿ ಅದು ನಮ್ಮ ಕೈಯಲ್ಲಿರುತ್ತದೆ. ಕೂತು ಓದುವ ಮಕ್ಕಳಿಗೆ ಸೆಕೆಂಡಿನ 1/125, ಲೇಜಿಮ್, ಖೋಖೋ, ಕಬಡ್ಡಿಗೆ 1/500 ಅಥವಾ ಅದಕ್ಕಿಂತ ವೇಗ. ಓಡುವ ಮಕ್ಕಳಿಗೆ ಫೋಕಸ್ ಎಎಫ್-ಸಿ ಇರಲಿ (ಕ್ಯಾನನ್‌ನಲ್ಲಿ ಸರ್ವೋ). ಮಗು ಹತ್ತಿರ ಬಂದಂತೆ ಫೋಕಸ್ ಕೂಡ ಬೆನ್ನುಹತ್ತುತ್ತದೆ. ನಿಂತವರಿಗೆ ಎಎಫ್-ಎಸ್ ಸಾಕು. ಐಎಸ್‌ಓ ಆಟೋದಲ್ಲಿಟ್ಟು 6400ರ ಮಿತಿ ಹಾಕಿರಿ. ನಮ್ಮ ವರ್ಗಕೋಣೆಗಳಲ್ಲಿ ಬಾಗಿಲಿನಿಂದ ಬಂದಷ್ಟೇ ಬೆಳಕು. ಫೋಟೋದಲ್ಲಿ ಸ್ವಲ್ಪ ರವೆ ಉದುರಿಸಿದಂತೆ ಕಂಡರೂ ನಡೆದೀತು, ಅಲುಗಾಡಿದ ಮುಖ ಮಾತ್ರ ಆಮೇಲೆ ಸರಿಯಾಗುವುದಿಲ್ಲ.

ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಎಂಬುದೊಂದಿದೆ. ಸಭೆಯಲ್ಲಿ ಚಲೋ. ಆದರೆ ಅದು ಚಿತ್ರವನ್ನು ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಓದುವುದರಿಂದ ಬೀಸುವ ಲೇಜಿಮ್ ಬಾಗಿದಂತೆ ಕಾಣುತ್ತದೆ. ಟ್ಯೂಬ್‌ಲೈಟ್ ಕೆಳಗೆ ಅಡ್ಡಪಟ್ಟೆ ಬೀಳುತ್ತವೆ. ಅಂಥಲ್ಲಿ ಮೆಕ್ಯಾನಿಕಲ್ ಷಟರ್ ಇಟ್ಟು, ಟ್ಯೂಬ್‌ಲೈಟ್ ಇದ್ದರೆ ಸ್ಪೀಡ್ 1/50 ಅಥವಾ 1/100 ಮಾಡಿಕೊಳ್ಳಿರಿ. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಅದಕ್ಕೇ ಈ ಅಂಕಿಗಳು.

ಬಿಳಿ ಅಂಗಿಗಳು, ಹಿಂದೆ ಬಿಳಿ ಆಕಾಶ, ನಡುವೆ ನಮ್ಮ ಮಕ್ಕಳ ಬಿಸಿಲುಂಡ ಮುಖ. ಕ್ಯಾಮೆರಾ ಬೆಳಕು ಜಾಸ್ತಿಯಾಯಿತೆಂದು ಹೆದರಿ ಎಲ್ಲವನ್ನೂ ಕಪ್ಪು ಮಾಡುತ್ತದೆ. ಪ್ಲಸ್-ಮೈನಸ್ ಗುಂಡಿಯನ್ನು ಪ್ಲಸ್ 0.7 ಅಥವಾ ಪ್ಲಸ್ 1ಕ್ಕೆ ತಿರುಗಿಸಿರಿ. ಅಂಗಿ ಇನ್ನಷ್ಟು ಬಿಳಿಯಾದರೂ ಅಡ್ಡಿಯಿಲ್ಲ, ಮುಖ ತಿಳಿಯಾಗಿ ಬರಲಿ. ಹಾಗೆಯೇ ಖಾಲಿ ಕಪ್ಪುಹಲಗೆಗೆ ಫೋಕಸ್ ಮಾಡಲು ಹೋದರೆ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆ. ಕಪ್ಪು-ಬಿಳುಪಿನ ಅಂಚು ಸಿಕ್ಕರೆ ಮಾತ್ರ ಅದಕ್ಕೆ ಹಿಡಿತ. ಸುಣ್ಣದ ಕಡ್ಡಿಯಿಂದ ಬರೆದ ಅಕ್ಷರದ ಮೇಲೆ ಬಿಂದು ಇಡಿರಿ, ಕೂಡಲೇ ಹಿಡಿಯುತ್ತದೆ.

ಹೊಸ ಲೆನ್ಸ್ ಕೊಳ್ಳಬೇಕೆ? ಕ್ಯಾಮೆರಾ ಜೊತೆ ಬಂದ ಚಿಕ್ಕ ಜೂಮ್ ಲೆನ್ಸನ್ನೇ ಒಂದು ವರ್ಷ ಬಳಸಿರಿ. ಗ್ರೂಪ್ ಫೋಟೋಕ್ಕೆ ಅದೇ ಸಾಕು. ಆಮೇಲೆ ವರ್ಗಕೋಣೆಯ ಕತ್ತಲಿಗೆ ಬೇಕೆನಿಸಿದರೆ 50ಕ್ಕಿಂತ 35 ಎಂಎಂ, ಎಫ್ 1.8 ಒಳ್ಳೆಯದು. 6 ಮೀಟರ್ ದೂರದಿಂದ 50ರಲ್ಲಿ ಸುಮಾರು 2.8 ಮೀಟರ್ ಅಗಲ ಹಿಡಿಸುತ್ತದೆ, 35ರಲ್ಲಿ 4 ಮೀಟರ್. ಕೋಣೆ ಚಿಕ್ಕದಿದ್ದಾಗ ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲವಲ್ಲ! ಊರಿನ ಹಳೆಯ ಸ್ಟುಡಿಯೋದಲ್ಲಿ ರೀಲ್ ಕಾಲದ ಲೆನ್ಸ್ ಸಿಕ್ಕರೆ ಸರಿಯಾದ ಅಡಾಪ್ಟರ್ ಹಾಕಿ ಅದನ್ನೂ ಬಳಸಬಹುದು. ಫೋಕಸ್ ಕೈಯಿಂದ ತಿರುಗಿಸಬೇಕು. ಮೆನುವಿನಲ್ಲಿ ಫೋಕಸ್ ಪೀಕಿಂಗ್ ಚಾಲೂ ಮಾಡಿದರೆ ಸ್ಪಷ್ಟವಾದ ಅಂಚುಗಳಿಗೆ ಬಣ್ಣ ಹತ್ತುತ್ತದೆ. ಲೆನ್ಸ್ ಬದಲಿಸುವಾಗ ಕ್ಯಾಮೆರಾ ಬಂದ್ ಮಾಡಿ, ಬಾಯಿ ಕೆಳಗೆ ಮಾಡಿ ಹಿಡಿಯಿರಿ. ಕನ್ನಡಿ ಇಲ್ಲದ್ದರಿಂದ ಸೆನ್ಸರ್ ಧೂಳಿಗೆ ಹತ್ತಿರ, ನಮ್ಮ ಕಡೆ ಬೇಸಿಗೆಯ ಗಾಳಿ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ.

ಇಷ್ಟೆಲ್ಲ ಹೇಳಿದೆ. ಎಲ್ಲಕ್ಕಿಂತ ದೊಡ್ಡ ಸೆಟ್ಟಿಂಗು ಕ್ಯಾಮೆರಾದಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ.

ಗ್ರೂಪ್ ಫೋಟೋ ಎಂದರೆ ಫೆಬ್ರವರಿ, ಮಾರ್ಚಿನಲ್ಲಿ, ಬೀಳ್ಕೊಡುಗೆಯ ಹೊತ್ತಿಗೆ ಎಂಬ ರೂಢಿ ಇದೆ. ಆದರೆ ದಸರಾ, ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಎಷ್ಟೋ ಮನೆಗಳ ಜನ ಕಬ್ಬು ಕಡಿಯಲು ಹೋಗುತ್ತಾರೆ. ನೋಡಿಕೊಳ್ಳಲು ಅಜ್ಜಿ ಇದ್ದ ಮಗು ಊರಲ್ಲಿ ಉಳಿಯುತ್ತದೆ, ಇಲ್ಲದ ಮಗು ಅಪ್ಪ ಅವ್ವನ ಜೊತೆ ಕಬ್ಬಿನ ಫಡಕ್ಕೆ ಹೋಗುತ್ತದೆ. ಫೆಬ್ರವರಿಯಲ್ಲಿ ತೆಗೆದ ಫೋಟೋದಲ್ಲಿ ಆ ಮಕ್ಕಳು ಇರುವುದೇ ಇಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಗೋಡೆಯ ಮೇಲಿನ ಚಿತ್ರದಲ್ಲಿ ಮುಖವಿಲ್ಲ. ಅಂಥ ಮನೆಗಳಲ್ಲಿ ಆ ಮಗು ಸಾಲಿ ಕಲಿತದ್ದಕ್ಕೆ ಬೇರೆ ಫೋಟೋ ಇರುವುದು ಅಪರೂಪ.

ಹೀಗಾಗಿ ನಮ್ಮ ಸಾಲಿಯಲ್ಲಿ ಆಗಸ್ಟ್ 15ರ ಆಸುಪಾಸಿನಲ್ಲೇ ಗ್ರೂಪ್ ಫೋಟೋ ಮುಗಿಸುತ್ತೇವೆ. ಎಲ್ಲರೂ ಇರುತ್ತಾರೆ, ಅಂಗಿಗಳೂ ಇನ್ನೂ ಹೊಸವು. ಮಳೆ ಬಾರದಿದ್ದರೂ ಮೋಡವಂತೂ ಇರುತ್ತದೆ. ಮೋಡದ ಬೆಳಕಿನಲ್ಲಿ ಕಣ್ಣ ಕೆಳಗೆ ಕಪ್ಪು ನೆರಳು ಬೀಳುವುದಿಲ್ಲ. ಕಳೆದ ಸಲ ಕೊನೆಯ ಸಾಲಿನಿಂದ ಒಬ್ಬಳು ಕೂಗಿದಳು: "ಸರ್, ನಾ ಕಾಣಾಕತ್ತೇನ್ರಿ?" ಹಿಗ್ಗಿಸಿ ನೋಡಿದೆ. ಕಂಡಳು. ದೀಪಾವಳಿಗೆ ಮುಂಚೆ ಪ್ರಿಂಟ್ ಹಾಕಿಸಿ ಎಲ್ಲರ ಕೈಗೂ ಒಂದೊಂದು ಕೊಟ್ಟೆವು. ಅವಳದನ್ನು ಅವಳವ್ವ ಬಟ್ಟೆಯ ಗಂಟಿನಲ್ಲಿಟ್ಟುಕೊಂಡು ಗಾಡಿ ಹತ್ತಿದಳು.

ಪ್ರಿಂಟಿನ ಹಿಂದೆ ಸಾಲುಸಾಲಾಗಿ ಹೆಸರು, ಇಯತ್ತೆ, ತಾರೀಕು ಕನ್ನಡದಲ್ಲಿ ಬರೆದು ಒಂದು ಪ್ರತಿಯನ್ನು ಸಾಲಿಯ ದಫ್ತರಿನಲ್ಲಿ ಇಡಿರಿ. ಮಕ್ಕಳ ಹೆಸರು ಸಮೇತ ಇಂಟರ್‌ನೆಟ್ಟಿಗೆ ಮಾತ್ರ ಹಾಕಬೇಡಿರಿ. ಮತ್ತೆ, ಮುಂದಿನ ಸಲ ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲು ಹಾಜರಿ ಪುಸ್ತಕ ತೆಗೆದು ಹೆಸರು ಕರೆಯಿರಿ. ಎಲ್ಲರೂ ಬಂದಿದ್ದಾರೆಂದು ಖಾತ್ರಿಯಾದ ಮೇಲೆ ಬಟನ್ ಅರ್ಧ ಒತ್ತಿರಿ.