ಹೆಗ್ಗೋಡಿನ ಸುತ್ತ, ಎರಡು ಗಾಲಿಯ ಮೇಲೆ

ಮಲೆನಾಡು ಎಂದೊಡನೆ ಘಟ್ಟ, ತಿರುವು, ಉಸಿರುಗಟ್ಟಿಸುವ ಏರು ಕಣ್ಣಮುಂದೆ ಬರುತ್ತವೆ. ಇಂಥ ನೆಲದಲ್ಲಿ ಸೈಕಲ್ ಸವಾರಿಯೇ ಎಂದು ಹುಬ್ಬೇರಿಸುವವರೇ ಹೆಚ್ಚು. ಆದರೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಳಭಾಗ ಆಗುಂಬೆಯಂತಲ್ಲ. ಘಟ್ಟದ ಅಂಚು ಇರುವುದು ದೂರದ ಪಶ್ಚಿಮಕ್ಕೆ. ಹೆಗ್ಗೋಡಿನ ಆಸುಪಾಸಿನ ನೆಲ ಅಲೆಯಂತೆ ಎದ್ದು ಇಳಿಯುವ ಸಣ್ಣ ಗುಡ್ಡಗಳದು. ಗುಡ್ಡದ ಮೇಲೆ ಬ್ಯಾಣ ಇಲ್ಲವೇ ಸೊಪ್ಪಿನ ಬೆಟ್ಟ, ಅದರ ಮಗ್ಗುಲಲ್ಲಿ ಕಾನು, ಕಣಿವೆಯಲ್ಲಿ ಅಡಕೆ ತೋಟ, ತೋಟ ಮುಗಿದಲ್ಲಿ ಗದ್ದೆ. ಅದು ದಾಟಿತೋ, ಮತ್ತೊಂದು ಗುಡ್ಡ. ಊರಿನ ರಸ್ತೆಗಳು ಇವುಗಳ ಸೆರಗು ಹಿಡಿದು ಸುತ್ತಿ ಸಾಗುತ್ತವೆ. ಏರು ಬಂದರೆ ಇಳಿದು ತಳ್ಳಿದರಾಯಿತು. ಐದು ನಿಮಿಷದಲ್ಲಿ ಇಳಿಜಾರು ಬಂದೇ ಬರುತ್ತದೆ.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಇಂಥ ದಾರಿಗಳಿಗೆ ದೊಡ್ಡ ಬೆಲೆಯಿದೆ. ಅಲ್ಲಿ ಸೈಕಲ್ ಪ್ರವಾಸಿಗರ ಸಂಘ ಹುಟ್ಟಿದ್ದೇ 1878ರಲ್ಲಿ. ಬ್ರಿಸ್ಟಲ್ ಮತ್ತು ಬಾತ್ ನಗರಗಳ ನಡುವೆ ರೈಲು ನಿಂತುಹೋದ ಹಾದಿಯನ್ನು ಕಳೆದ ಶತಮಾನದ ಎಂಬತ್ತರ ದಶಕದ ಹೊತ್ತಿಗೆ ಸ್ವಯಂಸೇವಕರು ಸೈಕಲ್ ದಾರಿಯಾಗಿ ಮಾಡಿದರು. 1995ರಲ್ಲಿ ಲಾಟರಿ ಹಣದ ನೆರವು ದೊರೆತ ಮೇಲೆ ಅದು ದೇಶವ್ಯಾಪಿ ಜಾಲವಾಗಿ ಬೆಳೆಯಿತು. ಅದಕ್ಕಾಗಿ ಎಲ್ಲೆಡೆಯೂ ಹೊಸ ರಸ್ತೆ ಕಡಿಯಲಿಲ್ಲ. ವಾಹನ ಸಂಚಾರ ಕಡಿಮೆಯಿರುವ ಹಳ್ಳಿಯ ದಾರಿಗಳನ್ನು ಆರಿಸಿ, ಒಂದಕ್ಕೊಂದು ಕೂಡಿಸಿ, ತಿರುವಿನಲ್ಲಿ ಸಣ್ಣ ಫಲಕ ನೆಟ್ಟರು. ಅಂಥ ದಾರಿಗಳು ಹೆಗ್ಗೋಡಿನ ಸುತ್ತ ಬೇಕಾದಷ್ಟಿವೆ. ಅವನ್ನು ಸೈಕಲ್ ದಾರಿ ಎಂದು ಕರೆಯುವವರು ಮಾತ್ರ ಕಡಿಮೆ.

ನಾಟಕದ ಊರಿನಿಂದ

ಸಾಗರದಿಂದ ಹೆಗ್ಗೋಡಿಗೆ ಹತ್ತು ಕಿ.ಮೀ. ಒಳಗಿನ ದಾರಿ. ಸೈಕಲ್ಲಿನಲ್ಲಿ ಮುಕ್ಕಾಲು ಗಂಟೆ, ನಿಧಾನಸ್ಥರಿಗೆ ಒಂದು ಗಂಟೆ. ಊರು ಚಿಕ್ಕದು, ಹೆಸರು ದೊಡ್ಡದು. 1949ರಲ್ಲಿ ಇಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, ಆರಂಭವಾಯಿತು. ಅಡಕೆ ತೋಟದ ನಡುವೆ ಕುಳಿತೇ ಕೆ. ವಿ. ಸುಬ್ಬಣ್ಣ ಮತ್ತು ಅವರ ಗೆಳೆಯರು ಹಳ್ಳಿಯ ಜನರಿಗೆ ಜಗತ್ತಿನ ನಾಟಕ, ಸಿನಿಮಾಗಳನ್ನು ತೋರಿಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ನಾಡೆಲ್ಲ ಸುತ್ತುವ ತಿರುಗಾಟ ತಂಡ ಶುರುವಾದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶಿವರಾಮ ಕಾರಂತರ ಹೆಸರಿನ ರಂಗಮಂದಿರದ ಎದುರು ಸೈಕಲ್ ನಿಲ್ಲಿಸಿದರೆ, ಇಷ್ಟು ಚಿಕ್ಕ ಊರಿನಲ್ಲಿ ಇದೆಲ್ಲ ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ವಿದ್ಯಾರ್ಥಿಗಳಿಗೆ ಪ್ರವಾಸದ ಮೊದಲ ಪಾಠ ಅದೇ ಪ್ರಶ್ನೆ.

ಹೆಗ್ಗೋಡಿನ ನೆರೆಯ ಭೀಮನಕೋಣೆಯಲ್ಲಿ 1996ರಲ್ಲಿ ‘ಚರಕ’ ಮಹಿಳಾ ಸಹಕಾರ ಸಂಘ ಹುಟ್ಟಿತು. ಅಡಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ನೂಲಿಗೆ ಕಂದು ಬಣ್ಣ ಕಟ್ಟಿ, ಕೈಮಗ್ಗದಲ್ಲಿ ಬಟ್ಟೆ ನೇಯ್ದು ಈ ಸಂಘ ಹೆಸರಾಯಿತು. ಊರ ಬದಿಯ ತೋಟದ ಅಡಕೆಯೇ ಅಂಗಿಯ ಬಣ್ಣವಾಗುವ ಬಗೆ ಮಕ್ಕಳಿಗೆ ಪುಸ್ತಕದಲ್ಲಿ ಓದುವುದಕ್ಕಿಂತ ಕಂಡರೆ ಚೆನ್ನಾಗಿ ತಿಳಿಯುತ್ತದೆ.

ಇಕ್ಕೇರಿ, ವರದಾಮೂಲ, ಕೆಳದಿ

ಮೊದಲ ಸಲ ದೂರ ಹೊರಡುವವರಿಗೆ ಇಕ್ಕೇರಿ ಹೇಳಿಮಾಡಿಸಿದ ದಾರಿ. ಸಾಗರದಿಂದ ದಕ್ಷಿಣಕ್ಕೆ ಸುಮಾರು ಆರು ಕಿ.ಮೀ. ಹದಿನಾರನೇ ಶತಮಾನದಲ್ಲಿ ಕೆಳದಿಯ ನಾಯಕರ ರಾಜಧಾನಿಯಾಗಿದ್ದ ಊರಿದು. ಈಗ ಅರಮನೆಯಿಲ್ಲ, ಪೇಟೆಯಿಲ್ಲ. ಅಘೋರೇಶ್ವರ ದೇವಾಲಯವೊಂದು ಗಟ್ಟಿಯಾಗಿ ನಿಂತಿದೆ. ಎದುರಿನ ಮಂಟಪದಲ್ಲಿ ಭಾರೀ ನಂದಿ. ಒಳಗೆ ಹೋದವರು ಗೋಡೆಯ ಶಿಲ್ಪ ನೋಡಿ ಹಿಂದಿರುಗಬಾರದು, ನೆಲವನ್ನೂ ನೋಡಬೇಕು. ಕೆಳದಿಯ ಮೂವರು ಅರಸರು ದೇವರಿಗೆ ಅಡ್ಡಬಿದ್ದಂತೆ ನೆಲದ ಕಲ್ಲಿನಲ್ಲೇ ಅವರ ಆಕೃತಿಗಳನ್ನು ಕೊರೆದು, ಹೆಸರನ್ನೂ ಬರೆದಿದ್ದಾರೆ.

ಇಕ್ಕೇರಿಯ ಸೀಮೆಯಲ್ಲೇ ವರದಾಮೂಲವಿದೆ. ವರದಾ ನದಿ ಹುಟ್ಟುವ ಜಾಗ. ಇಲ್ಲಿ ಪುಟ್ಟ ಕೊಳವಾಗಿ ಕಾಣುವ ನೀರು ಮುಂದೆ ಬನವಾಸಿಯನ್ನು ಬಳಸಿ, ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಭೂಪಟದಲ್ಲಿ ನೀಲಿ ಗೆರೆಯಾಗಿ ಬರೆದ ನದಿಯ ತುದಿಯನ್ನು ತಮ್ಮದೇ ಕಾಲಬಲದಿಂದ ಮುಟ್ಟಿದ ಮಕ್ಕಳು ಆ ಭೂಪಟವನ್ನು ಮರೆಯುವುದಿಲ್ಲ.

ಇನ್ನೊಂದು ದಾರಿ ಸಾಗರದಿಂದ ಉತ್ತರದ ಕಡೆಗೆ, ಕೆಳದಿಗೆ. ಅದೂ ಒಂದು ಗಂಟೆಯೊಳಗಿನ ಸವಾರಿ. ಸಣ್ಣ ಪಾಳೆಯಪಟ್ಟಾಗಿ ಇಲ್ಲಿ ಶುರುವಾದ ರಾಜ್ಯ ಇಕ್ಕೇರಿಗೆ, ಆಮೇಲೆ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ, ರಾಜಧಾನಿಯನ್ನು ಬದಲಿಸುತ್ತ ಬೆಳೆಯಿತು. ಶಿವಪ್ಪ ನಾಯಕ ಭೂಕಂದಾಯಕ್ಕೆ ಶಿಸ್ತು ತಂದ. ರಾಣಿ ಚೆನ್ನಮ್ಮ ಔರಂಗಜೇಬನ ಸೇನೆಗೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದುಕೊಂಡ. ಕೆಳದಿಯ ದೇವಾಲಯದ ಗಂಡಭೇರುಂಡ ಮತ್ತು ಊರಿನ ವಸ್ತುಸಂಗ್ರಹಾಲಯ ಈ ಕಥೆಗೆ ಸಾಕ್ಷಿ.

ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯನ್ನೂ ಪಟ್ಟಿಗೆ ಸೇರಿಸಬೇಕು. ಅಲ್ಲಿ ದೇವಾಲಯವಾಗಲಿ ಕೋಟೆಯಾಗಲಿ ಮುಖ್ಯವಲ್ಲ. ಗೇಣಿ ಅಳೆಯುವ ಕೊಳಗದ ಅನ್ಯಾಯವನ್ನು ಪ್ರಶ್ನಿಸಿ 1951ರಲ್ಲಿ ಅಲ್ಲಿಯ ರೈತರು ಸತ್ಯಾಗ್ರಹ ಹೂಡಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಎಂಬ ಮಾತು 1974ರಲ್ಲಿ ಕಾನೂನಾಗಿ ಬರುವುದಕ್ಕೆ ಎರಡು ದಶಕ ಮೊದಲು ಅದು ಈ ಗದ್ದೆಗಳಲ್ಲಿ ಕೇಳಿಬಂದಿತ್ತು. ಪಾಠದಲ್ಲಿ ಒಂದೆರಡು ಸಾಲಿನಲ್ಲಿ ಮುಗಿಯುವ ಸಂಗತಿಗೆ ಇಲ್ಲಿ ಗದ್ದೆಯೂ ಊರೂ ಮುಖವೂ ಇವೆ.

ಕಾಲು ಪಳಗಿದ ಕಾಲೇಜು ವಿದ್ಯಾರ್ಥಿಗಳು ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಗೂ ಹೋಗಬಹುದು. ನಗರದ ಕೋಟೆ, ಕವಲೇದುರ್ಗ, ಕುವೆಂಪು ಅವರ ಕುಪ್ಪಳಿ ಆ ದಿಕ್ಕಿನ ತಾಣಗಳು. ಆದರೆ ಅಲ್ಲಿ ಏರು ಕಡಿದು, ಕಾಡು ದಟ್ಟ, ದಾರಿ ಉದ್ದ. ಒಂದೇ ದಿನದಲ್ಲಿ ಹೋಗಿ ಬರುವ ಹಟ ಬೇಡ. ರಾತ್ರಿ ತಂಗಲು ಜಾಗ ಗೊತ್ತುಮಾಡಿಕೊಂಡೇ ಹೊರಡಬೇಕು.

ಹೆತ್ತವರ ಅಂಜಿಕೆ

ಮಲೆನಾಡಿನ ಮಕ್ಕಳಿಗೆ ಸೈಕಲ್ ಹೊಸತಲ್ಲ. ಇಲ್ಲಿ ಮನೆಗಳು ಒತ್ತೊತ್ತಾಗಿಲ್ಲ; ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು. ಬಸ್ಸು ಸಿಗುವ ತಿರುವಿಗೆ ಹೋಗಬೇಕಾದರೂ ದಣಪೆ ದಾಟಿ, ಸಂಕ ದಾಟಿ ನಡೆಯಬೇಕು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಾಗ ಇಂಥ ಊರುಗಳಿಗೆ ಅದರ ಅರ್ಥ ಬೇಗ ತಿಳಿಯಿತು. ಹೈಸ್ಕೂಲು ದೂರವೆಂದು ಓದು ಬಿಡಿಸುವ ಅಪಾಯ ಹೆಚ್ಚಾಗಿದ್ದುದು ಹೆಣ್ಣುಮಕ್ಕಳಿಗೆ. ಕೊರೊನಾ ಕಾಲದಲ್ಲಿ ಆ ವಿತರಣೆ ನಿಂತಿತು.

ಶಾಲೆಗೆ ಹೋಗಲು ಬಿಟ್ಟ ಮನೆಯವರೂ ತಿರುಗಾಟಕ್ಕೆ ಬಿಡಲು ಹಿಂದೆಮುಂದೆ ನೋಡುತ್ತಾರೆ. ಅದರಲ್ಲೂ ಮಗಳು ಎಂದರೆ ಮಾತೇ ಮುಗಿಯಿತು. ಈ ಅಂಜಿಕೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ರಸ್ತೆ ನುಣುಪಾದಷ್ಟೂ ಕಾರುಗಳ ವೇಗ ಹೆಚ್ಚುತ್ತದೆ. ತಿರುವಿನಲ್ಲಿ ಎದುರಿನಿಂದ ಬರುವ ವಾಹನ ಮರದ ಮರೆಯಲ್ಲಿ ಕಾಣುವುದಿಲ್ಲ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಡಾಂಬರಿನ ಮೇಲೆ ಗಾಲಿ ಜಾರುತ್ತದೆ, ಒದ್ದೆಯಾದ ಬ್ರೇಕು ತಡವಾಗಿ ಹಿಡಿಯುತ್ತದೆ.

ಆದರೆ ಅಂಜಿಕೆಯ ಇನ್ನೊಂದು ಬದಿಯನ್ನೂ ನೋಡಬೇಕು. ಇಲ್ಲಿಯ ಮಕ್ಕಳು ಪಿಯುಸಿ ಮುಗಿಸುತ್ತಲೇ ಶಿವಮೊಗ್ಗ, ಬೆಂಗಳೂರು ಎಂದು ಹೊರಡುತ್ತಾರೆ. ಎಷ್ಟೋ ತೋಟದ ಮನೆಗಳಲ್ಲಿ ಉಳಿದಿರುವವರು ವಯಸ್ಸಾದವರೇ. ಹತ್ತು ಕಿ.ಮೀ. ದೂರದ ಇಕ್ಕೇರಿಯನ್ನು ಬಸ್ಸಿನ ಕಿಟಕಿಯಿಂದಲೂ ಸರಿಯಾಗಿ ನೋಡದೆ ಹೊರಟ ಹುಡುಗನಿಗೆ ಊರೆಂದರೆ ಅಂಗಳ, ಶಾಲೆ, ಬಸ್ ನಿಲ್ದಾಣ ಅಷ್ಟೇ. ಅವನು ಹಿಂದಿರುಗಿ ಬರುವುದಾದರೂ ಯಾವುದಕ್ಕೆ? ದಾರಿ ಕೇಳುವುದು, ಪಂಕ್ಚರ್ ಆದಾಗ ಕೈಗೆಡದೆ ಇರುವುದು, ಕತ್ತಲಾಗುವ ಮೊದಲು ಹಿಂದಿರುಗುವ ಲೆಕ್ಕ ಇಡುವುದು, ಇವೆಲ್ಲ ಮನೆಯ ಜಗಲಿಯಲ್ಲಿ ಕುಳಿತು ಬರುವ ವಿದ್ಯೆಗಳಲ್ಲ.

ಇದಕ್ಕೆ ನಡುದಾರಿಯೊಂದಿದೆ. ಮೊದಲ ಸವಾರಿಗೆ ಅಪ್ಪನೋ ಚಿಕ್ಕಪ್ಪನೋ ಮೇಷ್ಟರೋ ಜೊತೆಗಿರಲಿ. ಎರಡನೆಯದಕ್ಕೆ ನಾಲ್ಕೈದು ಮಂದಿ ಗೆಳೆಯರು ಗುಂಪಾಗಿ ಹೋಗಲಿ. ಆ ಹೊತ್ತಿಗೆ ದಾರಿಯೂ ದಾರಿಯ ಬದಿಯ ಮನೆಗಳೂ ಪರಿಚಯವಾಗಿರುತ್ತವೆ. ಯಾರ ಮನೆಯ ಮಕ್ಕಳು ಎಂದು ವಿಚಾರಿಸಿ, ನೀರು ಬೆಲ್ಲ ಕೊಟ್ಟು ಕಳಿಸುವ ರೂಢಿ ಈ ಸೀಮೆಯಲ್ಲಿ ಇನ್ನೂ ಇದೆ. ಪೊಲೀಸ್ ಕಾವಲಿಗಿಂತ ಅದು ದೊಡ್ಡ ರಕ್ಷಣೆ.

ಹೊರಡುವ ಮೊದಲು

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಳೆ ಹಿಂದೆ ಸರಿದು, ಗದ್ದೆ ಬಣ್ಣ ತಿರುಗಿ, ಅಡಕೆ ಕೊಯ್ಲು ಶುರುವಾಗುವ ದಿನಗಳವು. ಬೆಳಿಗ್ಗೆ ಇಬ್ಬನಿ ಕರಗಿದ ಮೇಲೆ ಹೊರಟು, ಸಂಜೆ ಐದರೊಳಗೆ ಮನೆ ಸೇರುವುದು ಕ್ಷೇಮ. ಗೇರಿನ ಸೈಕಲ್ಲೇ ಬೇಕೆಂದಿಲ್ಲ. ಶಾಲೆಯ ಸೈಕಲ್ಲಿಗೆ ಈ ದಾರಿಗಳು ಧಾರಾಳ ಸಾಕು. ಎರಡೂ ಬ್ರೇಕು, ಬೆಲ್ಲು, ಹಿಂದಿನ ಕೆಂಪು ಪ್ರತಿಫಲಕ ಸರಿಯಿವೆಯೇ ನೋಡಿಕೊಳ್ಳಬೇಕು. ಗಾಳಿ ಪಂಪು, ಪಂಕ್ಚರ್ ಸಾಮಾನು, ನೀರು, ತಿಂಡಿ ಜೊತೆಗಿರಲಿ. ತಲೆಗೆ ಹೆಲ್ಮೆಟ್ ಇದ್ದರೆ ಇನ್ನೂ ಒಳ್ಳೆಯದು. ಸಾಲಾಗಿ ಸಾಗಬೇಕು, ಅಕ್ಕಪಕ್ಕ ಹರಟುತ್ತ ಅಲ್ಲ.

ದೂರದೂರಿನವರು ತಾಳಗುಪ್ಪ ಕಡೆಯ ರೈಲಿನಲ್ಲಿ ಬಂದು ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬಹುದು. ಸೈಕಲ್ ಇಲ್ಲದವರು ಊರಿನ ಸ್ನೇಹಿತರಿಂದ ಕೇಳಿ ಪಡೆಯಬಹುದು. ಇದ್ದವರಿಗೆ ಬೇಕಾದದ್ದು ಒಂದು ಭಾನುವಾರ, ಮತ್ತು ಮನೆಯವರ ‘ಹೋಗಿ ಬಾ’ ಎಂಬ ಒಪ್ಪಿಗೆ.